ಶ್ರುತನ್ಯಾಸ: ಕಾಯುವವರ ಧರ್ಮ, ಓದುವವರ ಧರ್ಮ

ಶರಾವತಿಯ ದಡದ ನಗರಬಸ್ತಿಕೇರಿಯಲ್ಲಿರುವ ಗೇರುಸೊಪ್ಪೆಯ ಚತುರ್ಮುಖ ಬಸದಿಯನ್ನು ದರ್ಶಿಸದ ಶ್ರಾವಕರು ನಮ್ಮ ಸೀಮೆಯಲ್ಲಿ ವಿರಳ. ನಾಲ್ಕು ದಿಕ್ಕಿಗೂ ಬಾಗಿಲು. ಯಾವ ದಿಕ್ಕಿನಿಂದ ಬಂದವರಿಗೂ ಜಿನದರ್ಶನ. ಹದಿನಾರನೆಯ ಶತಮಾನದಲ್ಲಿ ಕಾಳುಮೆಣಸಿನ ವ್ಯಾಪಾರದಿಂದ ಮೆರೆದ, ರಾಣಿ ಚೆನ್ನಭೈರಾದೇವಿಯ ಆಳ್ವಿಕೆಗೆ ಸೇರಿದ್ದ ಆ ಪಟ್ಟಣವು ಕೆಳದಿಯ ನಾಯಕರ ಕೈಸೇರಿದ ಮೇಲೆ ಕ್ರಮೇಣ ಕಾಡಾಯಿತು. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಡನೆ ಈ ದಾರಿಯಾಗಿ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಆಗಲೇ ಅದನ್ನು ಪಾಳುಬಿದ್ದ ನಗರವಾಗಿ ಕಂಡನು. ಇಷ್ಟಾದರೂ ಕಲ್ಲಿನ ಬಸದಿ ಇಂದಿಗೂ ನಿಂತಿದೆ. ಅಲ್ಲಿ ಸ್ವಾಧ್ಯಾಯಕ್ಕೆ ಒದಗುತ್ತಿದ್ದ ಓಲೆಗರಿಯ ಗ್ರಂಥಗಳು ಎಲ್ಲಿ ಹೋದವು? ಬಸದಿಯ ಮೆಟ್ಟಿಲಲ್ಲಿ ಕುಳಿತಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡಿದೆ.

ಕರಾವಳಿಯ ಮಳೆಗಾಲವನ್ನು ಬಲ್ಲವರಿಗೆ ಉತ್ತರ ಕಷ್ಟವಲ್ಲ. ಒಣಹವೆಯಲ್ಲಿ ಹಲವು ಶತಮಾನ ಬಾಳಬಲ್ಲ ಓಲೆಯು ನಮ್ಮ ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಬೂಸಲು ಹಿಡಿಯುತ್ತದೆ. ಗರಿಗೆ ಗರಿ ಅಂಟಿಕೊಳ್ಳುತ್ತದೆ. ಹುಳು ಕೊರೆದು ಉಳಿದುದು ಗೆದ್ದಲಿಗೆ ಆಹಾರವಾಗುತ್ತದೆ. ಇದನ್ನು ಅರಿತಿದ್ದ ಹಿರಿಯರು ಓಲೆಯನ್ನು ಕಾಪಿಡುವುದರ ಜೊತೆಗೆ ಮರಳಿ ಮರಳಿ ಪ್ರತಿಮಾಡಿಸುವುದನ್ನೂ ಧರ್ಮಕಾರ್ಯವಾಗಿಸಿದರು. ನೋಂಪಿಯ ಉದ್ಯಾಪನೆಯಲ್ಲಿ ಗ್ರಂಥವನ್ನು ಬರೆಸಿ ಶಾಸ್ತ್ರದಾನ ಮಾಡುವ ಪದ್ಧತಿ ಬೆಳೆದುದು ಹೀಗೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಸಭೆ ಸಭೆಗಳಲ್ಲಿ ಸ್ಮರಿಸುತ್ತೇವೆ. ಆ ಮಹಾತಾಯಿ ಒಂದೇ ಪ್ರತಿಯನ್ನು ಬರೆಸಿ ಅದಕ್ಕೆ ಬೀಗ ಹಾಕಿಸಲಿಲ್ಲ ಎಂಬುದನ್ನು ಮಾತ್ರ ಮರೆಯುತ್ತೇವೆ.

ಪ್ರತಿಗಳು ಉಳಿಯದ ಗ್ರಂಥದ ಗತಿಗೆ ನಮ್ಮ ನೆರೆಯಲ್ಲಿಯೇ ಸಾಕ್ಷಿಯಿದೆ. ಭಟ್ಕಳ ತಾಲೂಕಿನ ಹಾಡುವಳ್ಳಿಯೇ ಹಿಂದಿನ ಸಂಗೀತಪುರ. ಅಲ್ಲಿಯ ಗುರುಪರಂಪರೆಗೆ ಸೇರಿದ ಭಟ್ಟಾಕಳಂಕದೇವರು 1604ರಲ್ಲಿ 592 ಸಂಸ್ಕೃತ ಸೂತ್ರಗಳಲ್ಲಿ ಕನ್ನಡ ಭಾಷೆಗೆ ‘ಕರ್ಣಾಟಕ ಶಬ್ದಾನುಶಾಸನ’ವೆಂಬ ವ್ಯಾಕರಣವನ್ನು ರಚಿಸಿದರು. ಕನ್ನಡದಲ್ಲಿ ಶಾಸ್ತ್ರಗ್ರಂಥಗಳೂ ಉಂಟೆಂದು ತೋರಿಸುತ್ತ ಅವರು ತತ್ತ್ವಾರ್ಥ ಮಹಾಶಾಸ್ತ್ರಕ್ಕೆ ಬರೆದ ‘ಚೂಡಾಮಣಿ’ ಎಂಬ 96,000 ಗ್ರಂಥಪ್ರಮಾಣದ ವ್ಯಾಖ್ಯಾನವನ್ನು ಹೆಸರಿಸಿದ್ದಾರೆ. ಒಂದು ಗ್ರಂಥವೆಂದರೆ 32 ಅಕ್ಷರ. ಲೆಕ್ಕ ಹಾಕಿದರೆ ಮೊತ್ತ ಮೂವತ್ತು ಲಕ್ಷ ಅಕ್ಷರಗಳನ್ನು ಮೀರುತ್ತದೆ. ಅಂತಹ ಮಹಾಗ್ರಂಥದಿಂದ ಇಂದು ನಮಗೆ ಉಳಿದಿರುವುದು ಹೆಸರು ಮಾತ್ರ. ಅದನ್ನು ಹೆಸರಿಸಿದ ವ್ಯಾಕರಣವಾದರೋ 1890ರಲ್ಲಿ ಬಿ. ಎಲ್. ರೈಸ್ ಅವರಿಂದ ಅಚ್ಚಾಗಿ ವಿದ್ವಾಂಸರ ಕೈಸೇರಿತು. ಒಂದು ಉಳಿಯಿತು, ಇನ್ನೊಂದು ಅಳಿಯಿತು.

ಹೆಸರೂ ಉಳಿಯದೆ ಅಳಿದ ಗ್ರಂಥವೊಂದರ ವಿಷಯವನ್ನು ನಾನೇ ಹೇಳಬೇಕಾಗಿದೆ, ಏಕೆಂದರೆ ಅದು ನಮ್ಮ ಮನೆಯದು. ನಮ್ಮ ದೇವರ ಕೋಣೆಯ ಮರದ ಪೆಟ್ಟಿಗೆಯಲ್ಲಿ ಕೆಂಪು ವಸ್ತ್ರದಲ್ಲಿ ಸುತ್ತಿದ ಎರಡು ಓಲೆಯ ಕಟ್ಟುಗಳಿದ್ದವು. ಪ್ರತಿ ಶ್ರುತಪಂಚಮಿಯಂದು ತಂದೆಯವರು ಅವನ್ನು ಮಣೆಯ ಮೇಲಿರಿಸಿ, ಗಂಧಾಕ್ಷತೆಗಳಿಂದ ಅರ್ಚಿಸಿ, ಅಂದೇ ಸಂಜೆ ಪೆಟ್ಟಿಗೆಗೆ ಸೇರಿಸುತ್ತಿದ್ದರು. ದಾರ ಬಿಚ್ಚಿದುದನ್ನು ನಾನು ಕಂಡಿಲ್ಲ. ಊರಿಗೆ ಬಂದ ಸಂಶೋಧಕರೊಬ್ಬರು ಒಮ್ಮೆ ನೋಡಬಯಸಿದಾಗ, ಆಗ ಯುವಕನಾಗಿದ್ದ ನಾನೇ ಬಾಗಿಲಲ್ಲಿ ನಿಂತು, “ನಮ್ಮಲ್ಲಿ ಅಂತಹದೇನೂ ಇಲ್ಲ ಸ್ವಾಮಿ” ಎಂದು ಹೇಳಿ ಕಳುಹಿಸಿದೆ. ಪೂಜೆಯ ವಸ್ತುವನ್ನು ಅನ್ಯರ ಕೈಗೆ ಕೊಡಬಾರದೆಂಬ ಭಾವನೆ ನನ್ನದು. ತಂದೆಯವರು ತೀರಿಕೊಂಡ ಮೇಲೆ ಮನೆಯ ಮಾಡು ರಿಪೇರಿ ಮಾಡಿಸುವಾಗ ಕಟ್ಟುಗಳನ್ನು ಬಿಚ್ಚಿದೆವು. ಒಂದು ಕಟ್ಟಿನ ಹೊರಹಲಗೆಗಳು ಗಟ್ಟಿಯಾಗಿದ್ದವು. ಒಳಗೆ ಮಣ್ಣು ಮಾತ್ರ ಇತ್ತು. ಎಷ್ಟು ವರ್ಷ ನಾವು ಗೆದ್ದಲ ಮಣ್ಣಿಗೆ ಅರ್ಘ್ಯ ಎತ್ತಿದೆವೋ ಆ ಲೆಕ್ಕ ಯಾವ ಕಿರ್ದಿಯಲ್ಲಿಯೂ ಸಿಕ್ಕದು. ಅದು ಯಾವ ಗ್ರಂಥ, ಕರ್ತೃ ಯಾರು, ಅದರ ಬೇರೆ ಪ್ರತಿ ಲೋಕದಲ್ಲಿ ಉಂಟೋ ಇಲ್ಲವೋ, ಇದನ್ನು ಇನ್ನು ಯಾರೂ ಹೇಳಲಾರರು.

ನಾನು ಮಾಡಿದುದು ಭಕ್ತಿಯೋ ಪಾಪವೋ? ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಇದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ತೀರ್ಮಾನಿಸುತ್ತದೆ. ಜ್ಞಾನಾವರಣ ಕರ್ಮದ ಆಸ್ರವಕ್ಕೆ ಅಲ್ಲಿ ಹೇಳಿರುವ ಕಾರಣಗಳು ಆರು: ಪ್ರದೋಷ, ನಿಹ್ನವ, ಮಾತ್ಸರ್ಯ, ಅಂತರಾಯ, ಆಸಾದನ, ಉಪಘಾತ. ಇದ್ದುದನ್ನು ಇಲ್ಲವೆಂದು ಮರೆಮಾಚುವುದು ನಿಹ್ನವ. ಕೊಡಲು ಯೋಗ್ಯವಾದ ಜ್ಞಾನವನ್ನು ಕೊಡದಿರುವುದು ಮಾತ್ಸರ್ಯ. ಜ್ಞಾನಕ್ಕೆ ಅಡ್ಡಿಯೊಡ್ಡುವುದು ಅಂತರಾಯ. ನಾನು ಬಾಗಿಲಲ್ಲಿ ಆಡಿದ ಒಂದು ವಾಕ್ಯದಲ್ಲಿ ಈ ಮೂರೂ ಸೇರಿದ್ದವು. ಪರಿಗ್ರಹದ ಸ್ವರೂಪವನ್ನು ವಸ್ತುವಿನಲ್ಲಿ ಕಾಣದೆ ವಸ್ತುವಿನ ಮೇಲಣ ಮೂರ್ಛೆಯಲ್ಲಿ ಕಂಡವರೂ ಅದೇ ಆಚಾರ್ಯರು. ಹೊನ್ನಿನ ಮೇಲಿನ ಮೂರ್ಛೆಯನ್ನು ನಾವು ಬೇಗ ಗುರುತಿಸುತ್ತೇವೆ. ಶಾಸ್ತ್ರದ ಮೇಲಿನ ಮೂರ್ಛೆಯು ಭಕ್ತಿಯ ಉಡುಪಿನಲ್ಲಿ ಬರುವುದರಿಂದ ಅದನ್ನು ಗುರುತಿಸುವುದು ಕಷ್ಟ.

ಈ ವಿಷಯದಲ್ಲಿ ನಮ್ಮ ಸಮಾಜಕ್ಕೆ ದೊಡ್ಡ ಪಾಠವಾಗಿರುವುದು ಮೂಡುಬಿದಿರೆಯ ಸಿದ್ಧಾಂತ ಗ್ರಂಥಗಳ ಚರಿತ್ರೆ. ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ಧವಳಾ ಟೀಕೆ, ಜಯಧವಳಾ, ಮಹಾಧವಳಾ ಎಂಬ ಈ ಮಹಾಗ್ರಂಥಗಳ ಹಳಗನ್ನಡ ಲಿಪಿಯ ಪ್ರಾಚೀನ ಓಲೆಪ್ರತಿಗಳು ಉಳಿದುದು ಅಲ್ಲಿ. ಮೂಡುಬಿದಿರೆಯ ಹಿರಿಯರು ಶತಮಾನಗಳ ಕಾಲ ಅವನ್ನು ಕಾಯದಿದ್ದರೆ ಇಂದು ನಮಗೆ ಷಟ್ಖಂಡಾಗಮವೇ ಇರುತ್ತಿರಲಿಲ್ಲ. ಅವರ ಋಣ ತೀರುವಂತಹದಲ್ಲ. ಆದರೆ ಬಹುಕಾಲ ಅವು ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು, ಅಧ್ಯಯನಕ್ಕಲ್ಲ. ಮುಂಬಯಿಯ ಸೇಠ್ ಮಾಣಿಕಚಂದರು, ಸೊಲ್ಲಾಪುರದ ಹೀರಾಚಂದ ನೇಮಚಂದರು ಮೊದಲಾದವರ ಪ್ರಯತ್ನದಿಂದ 1896ರಲ್ಲಿ ಪ್ರತಿಮಾಡುವ ಕೆಲಸ ಆರಂಭವಾಗಿ 1922ರ ವೇಳೆಗೆ ಮುಗಿಯಿತು. ಪ್ರತಿಗಳು ಕ್ಷೇತ್ರದಿಂದ ಹೊರಹೋಗಬಾರದೆಂಬುದು ಅಲ್ಲಿಯವರ ಇಚ್ಛೆಯಾಗಿತ್ತು. ಪ್ರತಿಮಾಡುತ್ತಿದ್ದ ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿದರು. ಅದು ಉತ್ತರದ ಸಹಾರನಪುರಕ್ಕೆ ಸೇರಿತು. ಅಲ್ಲಿಂದಲೂ ಗುಟ್ಟಾಗಿ ಮತ್ತೊಂದು ಪ್ರತಿ ಹೊರಬಂದಿತು. ಅಂತಹ ಪ್ರತಿಗಳ ಆಧಾರದಿಂದ ಅಮರಾವತಿಯ ಪ್ರೊಫೆಸರ್ ಹೀರಾಲಾಲ ಜೈನರು 1939ರಲ್ಲಿ ಧವಳೆಯ ಮೊದಲ ಸಂಪುಟವನ್ನು ಪ್ರಕಟಿಸಿದರು. ಮುಂದೆ ಮೂಡುಬಿದಿರೆಯ ಮೂಲದೊಡನೆ ಪಾಠವನ್ನು ಹೋಲಿಸಲು ಅನುಕೂಲವೂ ಒದಗಿತು.

ಗಜಪತಿ ಉಪಾಧ್ಯಾಯರು ಮಾಡಿದುದು ಅದತ್ತಾದಾನವೇ? ಕೊಡದುದನ್ನು ಕೊಂಡರೆಂಬ ಅರ್ಥದಲ್ಲಿ ಹೌದು; ಫಲ ಒಳ್ಳೆಯದಾಯಿತೆಂದು ಅಚೌರ್ಯವ್ರತದ ಲಕ್ಷಣವನ್ನು ನಾವು ಬದಲಿಸಲಾಗದು. ಆದರೆ ನಮ್ಮ ಧರ್ಮವು ಕೃತ, ಕಾರಿತ, ಅನುಮತ ಎಂದು ಕರ್ಮವನ್ನು ಮೂರು ಬಗೆಯಲ್ಲಿ ಎಣಿಸುತ್ತದೆ. ಮಾಡಿದವರು ಅವರು. ನೇರವಾದ ದಾರಿ ಇಲ್ಲದುದರಿಂದ ಅಡ್ಡದಾರಿ ಹಿಡಿಯುವಂತೆ ಮಾಡಿದ ಪರಿಸ್ಥಿತಿಯಲ್ಲಿ ಸಮಾಜದ ಪಾಲಿಲ್ಲವೇ? ಇಂದು ಆ ಮುದ್ರಿತ ಸಂಪುಟಗಳನ್ನು ವ್ಯಾಸಪೀಠದ ಮೇಲಿರಿಸಿ ಸ್ವಾಧ್ಯಾಯ ಮಾಡುವ ನಮ್ಮದು ಅನುಮತವಲ್ಲವೇ? ಕಳಂಕವನ್ನು ಒಬ್ಬರ ತಲೆಗೆ ಕಟ್ಟಿ ಫಲವನ್ನು ಎಲ್ಲರೂ ಉಣ್ಣುವುದು ನ್ಯಾಯವಲ್ಲ. ಯೋಗ್ಯರಿಗೆ ಬಾಗಿಲು ತೆರೆದಿದ್ದರೆ ಒಬ್ಬ ಶಾಸ್ತ್ರಜ್ಞನು ರಾತ್ರಿಯಲ್ಲಿ ಬರೆಯಬೇಕಾಗುತ್ತಿರಲಿಲ್ಲ. ಕಾಯುವವನು ತಪ್ಪಿದಾಗ ಓದುವವನೂ ತಪ್ಪುವ ಸಂದರ್ಭ ಹುಟ್ಟುತ್ತದೆ ಎಂಬುದೇ ನಾನು ಇದರಿಂದ ಕಲಿತ ಪಾಠ.

ಹಾಗೆಂದು ಹಿರಿಯರ ಭಯವನ್ನು ಹಗುರವಾಗಿ ಕಾಣಲಾಗದು. ನೋಡುವೆನೆಂದು ಒಯ್ದವರು ಹಿಂದಿರುಗಿಸದ ಉದಾಹರಣೆಗಳು ಪ್ರತಿ ಊರಿನಲ್ಲಿಯೂ ಇವೆ. ಓಲೆಗಳು, ಬಿಂಬಗಳು ಹಣಕ್ಕೆ ಮಾರಾಟವಾಗಿವೆ. ಅದಕ್ಕಾಗಿಯೇ 1972ರ ಕಾಯಿದೆಯು ಎಪ್ಪತ್ತೈದು ವರ್ಷಕ್ಕೆ ಕಡಿಮೆಯಿಲ್ಲದ, ಚಾರಿತ್ರಿಕ ಅಥವಾ ಸಾಹಿತ್ಯಕ ಮೌಲ್ಯವುಳ್ಳ ಹಸ್ತಪ್ರತಿಗಳನ್ನು ಪುರಾವಸ್ತುಗಳೆಂದು ಎಣಿಸಿ, ಖಾಸಗಿಯವರು ಅವನ್ನು ವಿದೇಶಕ್ಕೆ ಸಾಗಿಸುವುದನ್ನು ನಿಷೇಧಿಸಿದೆ. ಸಾರ್ವಜನಿಕ ಸಂಸ್ಥೆಗಳಲ್ಲಿಯೂ ಮಾಡು ಸೋರುವುದುಂಟು, ಸಿಬ್ಬಂದಿ ಸಾಲದಿರುವುದುಂಟು. ಆದರೂ ಓಲೆಯನ್ನು ಶುಚಿಗೊಳಿಸಿ, ಸಿಟ್ರೊನೆಲ್ಲಾ ಎಣ್ಣೆ ಸವರಿ, ಸಂಖ್ಯೆ ಕೊಟ್ಟು, ಸೂಚಿಯಲ್ಲಿ ದಾಖಲಿಸಿ, ಬೇಕಾದವರಿಗೆ ಓದಲು ಕೊಡುವ ವ್ಯವಸ್ಥೆ ನಮ್ಮ ಮನೆಗಳ ಪೆಟ್ಟಿಗೆಯಲ್ಲಿ ಇಲ್ಲ. ಮೈಸೂರಿನಲ್ಲಿ 1891ರಲ್ಲಿ ಸ್ಥಾಪನೆಯಾಗಿ ಮುಂದೆ ವಿಶ್ವವಿದ್ಯಾಲಯಕ್ಕೆ ಸೇರಿದ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಂದು ಓಲೆಯ ಕಟ್ಟನ್ನು ಕೊಟ್ಟರು. ಅಲ್ಲಿಯ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ 1909ರಲ್ಲಿ ಪ್ರಕಟಿಸಿದಾಗ, ಲೋಕವು ಕಳೆದುಹೋಯಿತೆಂದು ಭಾವಿಸಿದ್ದ ಕೌಟಿಲ್ಯನ ಅರ್ಥಶಾಸ್ತ್ರ ದೊರೆಯಿತು. ಆ ಪಂಡಿತರು ಕಟ್ಟನ್ನು ಮನೆಯಲ್ಲಿಯೇ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತೆಂಬುದನ್ನು ನಮ್ಮ ಮನೆಯ ಕಥೆಯಿಂದ ಊಹಿಸಬಹುದು.

ವ್ಯಾಪಾರಿಗಳಾದ ನಮಗೆ ಈ ಸಂಬಂಧವನ್ನು ತಿಳಿಯಲು ಒಂದು ಶಬ್ದ ಸಾಕು: ನ್ಯಾಸ, ಅಂದರೆ ಠೇವಣಿ. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ಇಟ್ಟವನು ಎಷ್ಟಿಟ್ಟನೆಂಬುದನ್ನು ಮರೆತು ಕಡಿಮೆ ಕೇಳಿದಾಗ, “ಹೌದು, ಅಷ್ಟೇ” ಎಂದು ಉಳಿದುದನ್ನು ನುಂಗುವುದು ಅದರ ಸ್ವರೂಪವೆಂದು ಆಚಾರ್ಯರು ವಿವರಿಸುತ್ತಾರೆ. ನಮ್ಮ ಪೂರ್ವಿಕರು ಬಸದಿಗಳಲ್ಲಿ, ಮನೆಗಳಲ್ಲಿ ಎಷ್ಟು ಶ್ರುತವನ್ನು ಇರಿಸಿಹೋದರೆಂಬುದನ್ನು ಸಮಾಜ ಇಂದು ಮರೆತಿದೆ. ಕೇಳುವವರಿಗೆ ಲೆಕ್ಕ ತಿಳಿಯದೆಂದು ಸುಮ್ಮನಿರುವ ನ್ಯಾಸರಕ್ಷಕನು ಯಾವ ಗುಂಪಿಗೆ ಸೇರುತ್ತಾನೆಂಬುದನ್ನು ಟ್ರಸ್ಟಿನ ಪದಾಧಿಕಾರಿಗಳು ಯೋಚಿಸಬೇಕು. ಶ್ರವಣಬೆಳಗೊಳದ 1539ರ ಶಾಸನಗಳಲ್ಲಿ ಗೇರುಸೊಪ್ಪೆಯ ಚವುಡಿಸೆಟ್ಟಿಯ ಹೆಸರು ಬರುತ್ತದೆ. ತನಗೆ ಅಡವಾಗಿದ್ದ ಅಲ್ಲಿಯವರ ಭೂಮಿಯನ್ನು ಆತ ಬಿಟ್ಟುಕೊಟ್ಟನು. ಅದಕ್ಕೆ ಪ್ರತಿಯಾಗಿ ಅವರು ಆಹಾರದಾನ ನಡೆಸಲು ಒಪ್ಪಿದರು. ಹಕ್ಕಿನಿಂದ ಹಿಡಿದಿರಬಹುದಾದುದನ್ನು ಧರ್ಮಕ್ಕಾಗಿ ಬಿಟ್ಟ ಆ ಸೆಟ್ಟಿ ನಮ್ಮ ಊರಿನವನು.

ಇನ್ನು ಓದುವವರ ಧರ್ಮ. ಹಸ್ತಪ್ರತಿ ವಿಭಾಗಕ್ಕೆ ಹೋದವರಿಗೆ ಅಲ್ಲಿಯ ನಿಯಮಗಳು ಮೊದಲು ಕಿರಿಕಿರಿಯೆನಿಸುತ್ತವೆ. ಗುರುತಿನ ಚೀಟಿ ತೋರಿಸಿ ಅರ್ಜಿ ಬರೆಯಬೇಕು, ಚೀಲವನ್ನು ಹೊರಗಿಡಬೇಕು, ಸೂಚಿಯಲ್ಲಿ ಸಂಖ್ಯೆ ಹುಡುಕಿ ಬೇಡಿಕೆ ಚೀಟಿ ಕೊಡಬೇಕು, ಶಾಯಿಯ ಲೇಖನಿಯನ್ನು ಬಿಟ್ಟು ಸೀಸದ ಕಡ್ಡಿಯಲ್ಲಿ ಟಿಪ್ಪಣಿ ಮಾಡಬೇಕು. ಕಾರಣ ತಿಳಿದರೆ ಇವೆಲ್ಲ ನಮಗೆ ಪರಿಚಿತವಾದ ಸಮಿತಿಗಳಂತೆಯೇ ಕಾಣುತ್ತವೆ. ಮಸಿಯ ಒಂದು ಹನಿ ಬಿದ್ದರೆ ತೆಗೆಯಲಾಗದು. ಎಂಜಲು ಮುಟ್ಟಿಸಿ ಗರಿ ಮಗುಚಿದರೆ ತೇವವೂ ಹುಳುವೂ ಹಿಂಬಾಲಿಸುತ್ತವೆ. ಒಂದೇ ಕೈಯಲ್ಲಿ ಎತ್ತಿದ ಹಳೆಯ ಗರಿ ದಾರದ ರಂಧ್ರದಲ್ಲಿಯೇ ಮುರಿಯುತ್ತದೆ. ಗರಿಗಳ ಕ್ರಮ ತಪ್ಪಿಸಿ ಕಟ್ಟಿದರೆ ಮುಂದೆ ಬರುವವನಿಗೆ ಗ್ರಂಥವೇ ದಾರಿ ತಪ್ಪುತ್ತದೆ. ಹಿಂಸೆಯ ಮೂಲವನ್ನು ನಮ್ಮ ಆಚಾರ್ಯರು ಪ್ರಮಾದದಲ್ಲಿ ಕಂಡರು. ಗ್ರಂಥಾಲಯದಲ್ಲಿ ಆಗುವ ಹಾನಿಯ ಮೂಲವೂ ದ್ವೇಷಕ್ಕಿಂತ ಹೆಚ್ಚಾಗಿ ಪ್ರಮಾದವೇ. ಓಲೆಯ ಡಿಜಿಟಲ್ ಪ್ರತಿ ದೊರೆಯುವುದಾದರೆ ಮೊದಲು ಅದನ್ನೇ ಕೇಳಬೇಕು. ಅದರಿಂದ ಬಗೆಹರಿಯದ ಸಂದೇಹಕ್ಕೆ ಮಾತ್ರ ಮೂಲವನ್ನು ತೆರೆಸುವುದು ಅಪ್ರಮತ್ತನ ಲಕ್ಷಣ.

ಕೈಯ ಎಚ್ಚರದಷ್ಟೇ ಮನಸ್ಸಿನ ಎಚ್ಚರವೂ ಬೇಕು. ಕೂಟಲೇಖಕ್ರಿಯೆಯೂ ಸತ್ಯವ್ರತದ ಅತಿಚಾರವೇ. ಸುಳ್ಳು ದಸ್ತಾವೇಜು ಸೃಷ್ಟಿಸುವವರು ಕೆಲವರು. ಇದ್ದ ದಸ್ತಾವೇಜನ್ನು ಅರ್ಧ ಓದುವವರು ಹಲವರು. ಜಮೀನಿನ ವ್ಯಾಜ್ಯಕ್ಕೋ ಗದ್ದುಗೆಯ ಮಾನಕ್ಕೋ ಆಧಾರ ಹುಡುಕುತ್ತ ಹೋದ ಟ್ರಸ್ಟಿನವರು ದತ್ತಿಯ ಸಾಲನ್ನು ನಕಲು ಮಾಡಿಕೊಂಡು, ಆ ದತ್ತಿಯಿಂದ ನಡೆಸಬೇಕಾದ ಅನ್ನದಾನದ ಸಾಲನ್ನು ಬಿಟ್ಟುಬಂದರೆ, ಅದು ಜಮೆಯನ್ನು ಬರೆದು ಖರ್ಚನ್ನು ಬಿಟ್ಟ ಲೆಕ್ಕದಂತೆ. ನಮ್ಮ ಮನೆತನಕ್ಕೆ, ನಮ್ಮ ಸಂಘಕ್ಕೆ ಒಪ್ಪದ ಸಂಗತಿಯೂ ಓಲೆಯಲ್ಲಿದ್ದರೆ ಅದನ್ನೂ ಬರೆದುಕೊಳ್ಳಬೇಕು. ಗ್ರಂಥವನ್ನು ಕಾಯ್ದವರು, ಕೊಟ್ಟವರು, ಲಿಪಿಕಾರರು, ಸೂಚಿಯನ್ನು ಸಿದ್ಧಪಡಿಸಿದವರು, ಇವರ ಹೆಸರನ್ನು ತನ್ನ ಲೇಖನದಲ್ಲಿ ಹೇಳದೆ ಎಲ್ಲವೂ ತನ್ನ ಶೋಧವೆಂಬಂತೆ ಬರೆಯುವವನು, ಬಾಗಿಲಲ್ಲಿ ನಿಂತು “ಇಲ್ಲ” ಎಂದ ನನ್ನಂತೆಯೇ ನಿಹ್ನವಕ್ಕೆ ಗುರಿಯಾಗುತ್ತಾನೆ. ಬಚ್ಚಿಡುವವನದೂ ಕದ್ದು ಬರೆಯುವವನದೂ ಒಂದೇ ಕರ್ಮ, ಆವರಣವೂ ಒಂದೇ.

ಬಸದಿಗಳ ಟ್ರಸ್ಟುಗಳಲ್ಲಿ ನನ್ನ ಬಿನ್ನಹ ಇಷ್ಟು. ಮೊದಲು ದಾಸ್ತಾನಿನ ಪಟ್ಟಿಯಾಗಲಿ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆ ಮೊದಲಾದ ಕಡೆಗಳ ಭಂಡಾರಗಳನ್ನು ಶೋಧಿಸಿ ಸಿದ್ಧಪಡಿಸಿದ ತಾಡಪತ್ರಗಳ ಸೂಚಿಯು 1948ರಲ್ಲಿ ಪ್ರಕಟವಾಯಿತು. ಅಂತಹ ಒಂದು ಪುಟವಾದರೂ ಪ್ರತಿ ಬಸದಿಯಲ್ಲಿ ಸಿದ್ಧವಾಗಲಿ: ಎಷ್ಟು ಕಟ್ಟು, ಎಷ್ಟು ಗರಿ, ಯಾವ ಲಿಪಿ, ಯಾವ ಸ್ಥಿತಿ. ಓದಲು ಬಾರದಿದ್ದರೆ ಶ್ರವಣಬೆಳಗೊಳದ ಪ್ರಾಕೃತ ಅಧ್ಯಯನ ಸಂಸ್ಥೆ, ಮೂಡುಬಿದಿರೆಯ ರಮಾರಾಣಿ ಶೋಧ ಸಂಸ್ಥಾನ, ಮೈಸೂರು, ಧಾರವಾಡ, ಹಂಪಿಗಳ ವಿಶ್ವವಿದ್ಯಾಲಯಗಳ ವಿದ್ವಾಂಸರನ್ನು ಕರೆಯಬಹುದು. ಕಾಪಾಡುವ ಅನುಕೂಲವಿದ್ದವರು ತಮ್ಮಲ್ಲಿಯೇ ಇಟ್ಟುಕೊಂಡು ಪ್ರತಿಯನ್ನು ಗ್ರಂಥಾಲಯಕ್ಕೆ ಕೊಡಲಿ. ಅನುಕೂಲವಿಲ್ಲದವರು ಮೂಲವನ್ನು ಕೊಟ್ಟು ಪ್ರತಿಯನ್ನು ತಾವು ಪಡೆಯಲಿ. ಎರಡು ಕಡೆಯವರೂ ಸಹಿ ಮಾಡಿದ ಪಟ್ಟಿ, ಗರಿಗಳ ಎಣಿಕೆ, ಕೊಟ್ಟುದು ದಾನವೋ ಠೇವಣಿಯೋ ಎಂಬ ಸ್ಪಷ್ಟ ಒಕ್ಕಣೆ, ಓದಲು ಬಂದವರಿಗೆ ಕೊಡಬೇಕೆಂಬ ಷರತ್ತು, ಇವು ಕಾಗದದಲ್ಲಿರಲಿ. ನಂಬಿಕೆಯಿದ್ದಲ್ಲಿಯೂ ರಸೀದಿ ಇರಬೇಕೆಂಬುದು ಅಂಗಡಿಯಲ್ಲಿ ಕುಳಿತವರಿಗೆ ತಿಳಿಯದ ವಿಷಯವಲ್ಲ.

ನಮ್ಮ ಮನೆಯಲ್ಲಿ ಉಳಿದ ಎರಡನೆಯ ಕಟ್ಟನ್ನು ಹೀಗೆಯೇ ವಿಶ್ವವಿದ್ಯಾಲಯವೊಂದರ ಹಸ್ತಪ್ರತಿ ವಿಭಾಗಕ್ಕೆ ಒಪ್ಪಿಸಿದೆವು. ಅಂದು ತಾಯಿಯವರು ಕಣ್ಣೀರು ತಂದುಕೊಂಡರು. ನನಗೂ ಕೈ ಬರಿದಾದಂತೆನಿಸಿತು. ಕೆಲವು ತಿಂಗಳ ಮೇಲೆ ಅಲ್ಲಿಯ ಪಂಡಿತರು ಪತ್ರ ಬರೆದರು. ಅದು ನೋಂಪಿಯ ಕಥೆಗಳ ಸಂಗ್ರಹ. ಮೊದಲ ಕೆಲವು ಗರಿಗಳಿಲ್ಲ. ಕೊನೆಯ ಗರಿಯಲ್ಲಿ ಲಿಪಿಕಾರನ ಒಕ್ಕಣೆಯಿದೆ. ಒಬ್ಬ ಶ್ರಾವಕಿಯು ತನ್ನ ನೋಂಪಿಯ ಉದ್ಯಾಪನೆಯಲ್ಲಿ, ಓದುವವರಿಗೆಲ್ಲ ಶಾಸ್ತ್ರದಾನವಾಗಲೆಂದು ಇದನ್ನು ಬರೆಸಿದಳೆಂದು ಅಲ್ಲಿದೆಯಂತೆ. ಆ ಪತ್ರವನ್ನು ಹಿಡಿದು ನಾನು ಬಹಳ ಹೊತ್ತು ಕುಳಿತಿದ್ದೆ. ದಾನಕ್ಕೆಂದೇ ಹುಟ್ಟಿದ ಗ್ರಂಥವನ್ನು ನಾವು ತಲೆಮಾರುಗಳ ಕಾಲ ಆಸ್ತಿಯೆಂದು ಕಟ್ಟಿಟ್ಟಿದ್ದೆವು. ಆಕೆಯ ದಾನ ಮುಗಿದುದು ಕಟ್ಟು ನಮ್ಮ ಹೊಸ್ತಿಲು ದಾಟಿದ ದಿನ.

ಈಗ ಶ್ರುತಪಂಚಮಿಯಂದು ನಮ್ಮ ಮನೆಯ ಮಣೆಯ ಮೇಲೆ ಆ ಓಲೆಗಳ ಛಾಯಾಪ್ರತಿ ಇರುತ್ತದೆ. ಅರ್ಚನೆಯಾದ ಮೇಲೆ ಮೊಮ್ಮಕ್ಕಳಲ್ಲಿ ಒಬ್ಬರು ಹಳೆಯ ಲಿಪಿಯಲ್ಲಿ ತಡವರಿಸುತ್ತ ಒಂದು ಕಥೆಯನ್ನು ಓದುತ್ತಾರೆ, ಉಳಿದವರು ತಿದ್ದುತ್ತಾರೆ. ಮೂಲ ಮನೆಯಲ್ಲಿದ್ದಷ್ಟು ಕಾಲ ಅದರ ಒಂದು ಅಕ್ಷರವೂ ನಮ್ಮ ಕಿವಿಗೆ ಬಿದ್ದಿರಲಿಲ್ಲ.